ಸತ್ತ ಕಾರಿನ ಲೆಕ್ಕ

(ಕುಂದಾಪುರ ಕಡೆಯ ಗುಜರಿ, ಗ್ಯಾರೇಜು ಕೆಲಸದವರ ಕೂಟದಲ್ಲಿ ಆಡಿದ ಮಾತು)



ನಾನು ಭಾಷಣ ಮಾಡಿ ಅಭ್ಯಾಸ ಇದ್ದವನಲ್ಲ. ಬಿ.ಎ. ಮಾಡಿದ್ದೇನೆ, ಒಂದಿಷ್ಟು ಪದ್ಯ ಬರೆದಿದ್ದೇನೆ. ಗುಜರಿ ಕೆಲಸದ ಬಗ್ಗೆ ಮಾತಾಡಬೇಕಂತೆ ಅಂದಾಗ ನಮ್ಮ ಮಾವ ನಕ್ಕರು. "ನೀ ಒಂದ್ ನಟ್ ಬಿಚ್ಚಿದವ ಅಲ್ಲ, ಎಂತ ಹೇಳ್ತೆ?" ಅಂದರು. ನಿಜ. ಆದರೆ ನನ್ನ ಕಾಲೇಜಿನ ಫೀಸು ನಟ್ಟು ಬಿಚ್ಚಿದ ಕೈಯಿಂದಲೇ ಬಂದದ್ದು. ಆ ಲೆಕ್ಕ ಹೇಳುವುದಕ್ಕೆ ನಿಂತಿದ್ದೇನೆ.

ಇಲ್ಲಿಂದ ಬೈಂದೂರಿಗೆ ಹೋಗುವ ಹೆದ್ದಾರಿ ನಿಮಗೆಲ್ಲ ಗೊತ್ತು. ಮೊದಲು 17 ಅಂತಿದ್ದರು, ಈಗ 66. ಮರವಂತೆಯಲ್ಲಿ ಒಂದು ಕಡೆ ಕಡಲು, ಒಂದು ಕಡೆ ಸೌಪರ್ಣಿಕಾ. ಪೇಟೆಯವರು ಇಳಿದು ಫೋಟೋ ತೆಗೀತಾರೆ. ಆ ಉಪ್ಪುಗಾಳಿ ಕಾರಿನ ತಗಡಿಗೆ ಏನು ಮಾಡುತ್ತೆ ಅನ್ನುವುದು ಫೋಟೋದಲ್ಲಿ ಕಾಣುವುದಿಲ್ಲ. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಸೀಮೆ ನಮ್ಮದು. ನಿಲ್ಲಿಸಿಟ್ಟ ಕಾರಿನ ಅಡಿ ಮೊದಲ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತೆ, ಎರಡನೆಯದಕ್ಕೆ ಚಕ್ರ ಮಣ್ಣಿಗೆ ಇಳಿಯುತ್ತೆ, ಮೂರನೆಯದಕ್ಕೆ ಸೀಟಿನ ಮೇಲೆ ಕೋಳಿ ಮೊಟ್ಟೆ ಇಡುತ್ತೆ. ಆಮೇಲೆ ನಮಗೆ ಕರೆ ಬರುತ್ತೆ.

ಅಜ್ಜನ ಕಾಲದಲ್ಲಿ ಒಡೆಯರ ಹಟ್ಟಿಯಲ್ಲಿ ದನ ಸತ್ತರೆ ಆಳೊಬ್ಬ ಬಂದು ದೂರ ನಿಂತು ಕೂಗುತ್ತಿದ್ದ. ಅಜ್ಜ ಹಗ್ಗ ಹಿಡಿದು ಹೋಗಬೇಕು, ಹಿತ್ತಿಲ ಬದಿಯಿಂದ. ಮಾವನ ಕಾಲಕ್ಕೆ ಅದೇ ತರದ ಮನೆಯಿಂದ ಫೋನು. "ಶೆಡ್ಡಲ್ಲೊಂದ್ ಅಂಬಾಸಿಡರ್ ಬಿದ್ಕಂಡಿತ್ತ್, ಬಂದ್ ತಕಂಡ್ ಹೋಯ್ನಿ." ಮಾವ ಹೋದರು. ಹಗ್ಗದ ಬದಲು ಸ್ಪ್ಯಾನರು, ದಾರಿ ಮಾತ್ರ ಅದೇ ಹಿತ್ತಿಲ ಬದಿ. ಹತ್ತನೇ ಕ್ಲಾಸು ಮುಗಿಸಿದ ರಜೆ, ನಾನೂ ಹಿಂದೆ ಹೋಗಿದ್ದೆ. ಬಾಯಾರಿಕೆಗೆ ನೀರು ಪ್ಲಾಸ್ಟಿಕ್ ಬಾಟಲಿಯಲ್ಲಿ ಬಂತು. ಬಾಟಲಿ ನೀವೇ ಇಟ್ಕೊಳ್ಳಿ ಅಂದರು. ಎಷ್ಟು ಒಳ್ಳೆಯವರು ಅಂದುಕೊಂಡೆ ನಾನು. ಮಾವ ಏನೂ ಹೇಳಲಿಲ್ಲ.

ಒಂದು ವ್ಯತ್ಯಾಸ ಇದೆ. ಸತ್ತ ದನಕ್ಕೆ ಅಜ್ಜನ ಹತ್ತಿರ ಯಾರೂ ದುಡ್ಡು ಕೇಳಿದವರಿಲ್ಲ. ಸತ್ತ ಕಾರಿಗೆ ಕೇಳಿದರು, ಅದೂ ಚೌಕಾಶಿ ಮಾಡಿ. ಅಂದರೆ ಈ ಹೆಣಕ್ಕೆ ಬೆಲೆ ಇದೆ ಅನ್ನುವುದು ಅವರಿಗೂ ಗೊತ್ತು.

ಮಾವ ಕಾರಿನ ಸುತ್ತ ಒಮ್ಮೆ ಬಂದರು. ಬಾನೆಟ್ಟಿನ ಮೇಲೆ ಕೈ ಇಟ್ಟು, "ಇದ್ ಸತ್ತದ್ದಲ್ಲ ಮಗಾ, ನಿಂತದ್ ಅಷ್ಟೇ" ಅಂದರು. ಆಮೇಲಿನ ಮೂರು ದಿನ ಕಂಡ ವಿದ್ಯೆಯನ್ನ ನಾನು ಯಾವ ಕಾಲೇಜಿನಲ್ಲೂ ಕಾಣಲಿಲ್ಲ. ತುಕ್ಕು ಕಚ್ಚಿದ ನಟ್ಟಿಗೆ ಡೀಸೆಲ್ ಬಿಟ್ಟು ಒಂದು ರಾತ್ರಿ ಸುಮ್ಮನೆ ಬಿಡಬೇಕು. ಬೆಳಿಗ್ಗೆ ಸುತ್ತಿಗೆಯಲ್ಲಿ ಮೆಲ್ಲ ತಟ್ಟಿ, ಮೊದಲು ಒಂಚೂರು ಬಿಗಿ ಮಾಡಿ, ಆಮೇಲೆ ಸಡಿಲ ಮಾಡಬೇಕು. ಜೋರು ಮಾಡಿದರೆ ಬೋಲ್ಟು ತುಂಡಾಗುತ್ತೆ. ಹಿಂಬದಿಯ ಸ್ಪ್ರಿಂಗ್ ಪ್ಲೇಟುಗಳು ಆಚಾರಿಯ ಕುಲುಮೆಗೆ ಹೋದವು. ಅದು ಸ್ಪ್ರಿಂಗಿನ ಉಕ್ಕು, ಕೆಂಪಗೆ ಕಾಯಿಸಿ ಬಡಿದು ಹದ ಹಾಕಿದರೆ ಕತ್ತಿಯ ಬಾಯಿ ನಿಲ್ಲುತ್ತೆ. ನಮ್ಮ ಮನೆಯಲ್ಲಿ ಇವತ್ತಿಗೂ ಮಡಲು ಕಡಿಯುವುದು ಆ ಅಂಬಾಸಿಡರ್ ಕತ್ತಿಯಲ್ಲಿ. ರೇಡಿಯೇಟರಿನ ತಾಮ್ರ, ಹಿತ್ತಾಳೆ ಬೇರೆ ಚೀಲಕ್ಕೆ. ಕಾರ್ಬುರೇಟರನ್ನ ಪೆಟ್ರೋಲಿನಲ್ಲಿ ತೊಳೆದು ಇನ್ನೊಂದು ಅಂಬಾಸಿಡರಿಗೆ ಕೊಟ್ಟರು. 2014ರಲ್ಲಿ ಉತ್ತರಪಾರಾದ ಕಾರ್ಖಾನೆ ನಿಂತ ಮೇಲೆ ಆ ಕಾರು ಇಟ್ಟುಕೊಂಡವರೆಲ್ಲ ಪಾರ್ಟಿಗೆ ಇಂಥವರನ್ನೇ ಹುಡುಕಿಕೊಂಡು ಬರಬೇಕು. ಹಿಂದಿನ ಸೀಟು ಚಾ ಅಂಗಡಿಯ ಬೆಂಚಾಯಿತು. ಎರಡು ಟಯರು ಗಂಗೊಳ್ಳಿಗೆ, ಬೋಟು ಧಕ್ಕೆಗೆ ಬಡಿಯದ ಹಾಗೆ ಪಕ್ಕಕ್ಕೆ ಕಟ್ಟಲಿಕ್ಕೆ. ಇನ್ನೆರಡು ಚಪ್ಪಲಿಗೆ. ಮುರಕಲ್ಲು ಕಡಿಯುವವರ ಕಾಲಿಗೆ ಟಯರಿನ ಅಟ್ಟೆಯಷ್ಟು ಬಾಳುವುದು ಇನ್ನೊಂದಿಲ್ಲ.

ಇಷ್ಟೆಲ್ಲ ತಿಳಿದ ಕೈಗೆ ಸಿಕ್ಕಿದ್ದೇನು? ತೂಕದ ದುಡ್ಡು. ಒಂದೇ ಉದಾಹರಣೆ ಕೊಡ್ತೇನೆ. ಈಚಿನ ಪೆಟ್ರೋಲ್ ಕಾರಿನ ಸೈಲೆನ್ಸರ್ ಪೈಪಿನಲ್ಲಿ ಉಬ್ಬಿದ ಡಬ್ಬಿಯೊಂದು ಇರುತ್ತೆ, ಕ್ಯಾಟಲಿಟಿಕ್ ಕನ್ವರ್ಟರ್. 1995ರಲ್ಲಿ ಮೊದಲು ನಾಲ್ಕು ಮಹಾನಗರಗಳ ಹೊಸ ಕಾರುಗಳಿಗೆ ಕಡ್ಡಾಯ ಆದದ್ದು, ಆಮೇಲೆ ಎಲ್ಲ ಕಡೆ ಬಂತು. ಅದರೊಳಗೆ ಜೇನುಹುಟ್ಟಿನ ಹಾಗೆ ತೂತು ತೂತಿನ ಇಟ್ಟಿಗೆ. ಅದಕ್ಕೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಸವರಿರುತ್ತಾರೆ. ಪ್ಲಾಟಿನಂ ಅಂದರೆ ಆಭರಣದ ಅಂಗಡಿಯಲ್ಲಿ ಗ್ರಾಮಿನ ಲೆಕ್ಕಕ್ಕೆ ಮಾರುವ ಲೋಹ. ನಮ್ಮ ಮಾವ ಎಷ್ಟು ವರ್ಷ ಅದನ್ನ ಕಬ್ಬಿಣದ ರೇಟಿಗೆ ತೂಗಿ ಕೊಟ್ಟರೋ! ತಗೊಂಡವನಿಗೆ ಗೊತ್ತಿತ್ತು, ಕೊಟ್ಟವರಿಗೆ ಗೊತ್ತಿರಲಿಲ್ಲ. ಶೋಷಣೆ ಅಂತ ನಾವು ವೇದಿಕೆಯಲ್ಲಿ ದೊಡ್ಡ ದನಿಯಲ್ಲಿ ಹೇಳ್ತೇವಲ್ಲ, ಅದು ಹೀಗೆ ತಕ್ಕಡಿಯಲ್ಲಿ ಸದ್ದಿಲ್ಲದೆ ನಡೆಯುತ್ತೆ.

ಇನ್ನು ಬ್ಯಾಟರಿ. ಅಕ್ಕಂದಿರು ಇದನ್ನ ಸರಿಯಾಗಿ ಕೇಳಬೇಕು. ಬ್ಯಾಟರಿಯ ಒಳಗಿರುವುದು ಸೀಸ ಮತ್ತು ಆಸಿಡ್. ಸೀಸಕ್ಕೆ ಒಳ್ಳೆ ರೇಟಿದೆ ಅಂತ ಮನೆಯ ಹಿಂದೆ ಒಡೆದು, ಒಲೆಯಲ್ಲಿ ಕರಗಿಸುವವರು ನಮ್ಮಲ್ಲಿದ್ದಾರೆ. ಆಫ್ರಿಕಾದ ಸೆನೆಗಲ್ ದೇಶದಲ್ಲಿ, ಡಾಕಾರ್ ನಗರದ ಹತ್ತಿರ ತಿಯಾರಾಯ್ ಅಂತ ಒಂದು ಊರು. ಕಡಲ ಕರೆಯ ಊರು, ನಮ್ಮದರ ಹಾಗೇ. ಅಲ್ಲಿಯ ಬಡವರು ಕಾರಿನ ಬ್ಯಾಟರಿ ಒಡೆದು ಸೀಸ ತೆಗೆಯುತ್ತಿದ್ದರು, ಸೀಸ ಬೆರೆತ ಮಣ್ಣನ್ನ ಮನೆಯಂಗಳದಲ್ಲೇ ಜರಡಿ ಹಿಡಿಯುತ್ತಿದ್ದರು. 2007ರ ಕೊನೆಯಿಂದ 2008ರ ಮಾರ್ಚಿನೊಳಗೆ ಅಲ್ಲಿ 18 ಮಕ್ಕಳು ಸತ್ತರು. ಸೀಸ ಮಕ್ಕಳ ಮಿದುಳನ್ನ ತಿನ್ನುತ್ತೆ. ದೊಡ್ಡವರು ಬಟ್ಟೆಯಲ್ಲಿ, ಉಗುರಿನ ಸಂದಿಯಲ್ಲಿ ಅದನ್ನ ಮನೆಗೆ ತರ್ತಾರೆ. ನಮ್ಮದೋ ಮುರಕಲ್ಲಿನ ನೆಲ, ಹನಿ ನೀರನ್ನೂ ಒಳಗೆ ಬಿಡುತ್ತೆ. ಪ್ರತಿ ಮನೆಗೂ ಬಾವಿ. ಅಂಗಳದಲ್ಲಿ ಚೆಲ್ಲಿದ ಆಸಿಡ್ ಎಲ್ಲಿಗೆ ಹೋಗುತ್ತೆ, ಯೋಚಿಸಿ. ಬ್ಯಾಟರಿಯನ್ನ ಇಡಿಯಾಗಿಯೇ ಮಾರಿ. ವಯರು ಸುಡಬೇಡಿ, ಚೂರಿಯಲ್ಲಿ ಸುಲಿಯಿರಿ. ಹೊತ್ತು ಹೆಚ್ಚು ಹಿಡಿಯುತ್ತೆ, ನನಗೂ ಗೊತ್ತು.

ಮಾವನನ್ನ ಒಮ್ಮೆ ಠಾಣೆಗೆ ಕರೆದರು. ಯಾವ ಠಾಣೆ ಅಂತ ಬೇಡ. ಎಲ್ಲೋ ಒಂದು ಕಾರು ಕಳುವಾಗಿತ್ತು. ಗುಜರಿಯವನಲ್ಲವಾ, ಗೊತ್ತಿರಲೇಬೇಕು ಅನ್ನುವ ವಾದ. ರಾತ್ರಿ ಹನ್ನೊಂದರವರೆಗೆ ಕೂರಿಸಿ ಬಿಟ್ಟರು. ಆ ಕಂಪೌಂಡಿನಲ್ಲಿ ಜಪ್ತಿಯಾದ ಕಾರುಗಳ ಮೇಲೆ ಬಳ್ಳಿ ಹಬ್ಬಿತ್ತು. ಜಪ್ತಿ ವಾಹನಗಳನ್ನ ಠಾಣೆಯಲ್ಲಿ ಹೀಗೆ ಕೊಳೆಯಲು ಬಿಡಬಾರದು ಅಂತ ಸುಪ್ರೀಂ ಕೋರ್ಟು 2002ರಲ್ಲೇ ಸುಂದರ್‌ಭಾಯಿ ದೇಸಾಯಿ ಪ್ರಕರಣದಲ್ಲಿ ಹೇಳಿಯಾಗಿದೆ. ಮಾವ ಹೊರಗೆ ಬಂದವರು ಅವಮಾನದ ಮಾತೇ ಎತ್ತಲಿಲ್ಲ. "ಕಾಣ್, ಎಷ್ಟ್ ಒಳ್ಳೆ ಮಾಲ್ ಹಾಳಾತಿತ್ತ್" ಅಂದರು.

ಅದಕ್ಕೇ ಹೇಳುವುದು, ಕಾಗದ ಕೇಳಿ. 1988ರ ಮೋಟಾರು ವಾಹನ ಕಾಯ್ದೆಯ 55ನೇ ಕಲಮಿನ ಪ್ರಕಾರ, ಮತ್ತೆ ಓಡಲಾರದ ಹಾಗೆ ಕೆಟ್ಟ ವಾಹನದ ವಿಷಯವನ್ನ ಮಾಲೀಕ 14 ದಿನದೊಳಗೆ, ಇಲ್ಲವೇ ಆದಷ್ಟು ಬೇಗ ಆರ್.ಟಿ.ಓ. ಕಚೇರಿಗೆ ತಿಳಿಸಬೇಕು. ನೋಂದಣಿ ರದ್ದಾಗಬೇಕು. ಒಡೆಯರು "ಅದೆಲ್ಲ ಎಂತಕ್ಕೆ" ಅಂತಾರೆ. ಅವರಿಗೆ ಬೇಡ, ನಮಗೆ ಬೇಕು. ಠಾಣೆಯ ಬೆಂಚಿನ ಮೇಲೆ ಕೂರುವುದು ಅವರಲ್ಲ.

ಕಾಲೇಜಿನ ಗೆಳೆಯನೊಬ್ಬ ನನ್ನನ್ನ ಕೇಳಿದ. ಸತ್ತ ದನ ಎಳೆಯಬೇಡಿ, ಅದರ ಮಾಂಸ ತಿನ್ನಬೇಡಿ ಅಂತ ಬಾಬಾಸಾಹೇಬರು 1927ರಲ್ಲೇ ಮಹಾಡದಲ್ಲಿ ಹೇಳಲಿಲ್ಲವಾ, ನೀವು ಈಗ ಸತ್ತ ಕಾರು ಎಳೀತಿದ್ದೀರಲ್ಲ ಅಂತ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. 2016ರಲ್ಲಿ ಗುಜರಾತಿನ ಊನಾದಲ್ಲಿ ಸತ್ತ ದನದ ಚರ್ಮ ಸುಲಿದವರನ್ನ ಕಟ್ಟಿ ಹೊಡೆದಾಗ ಅಲ್ಲಿಯ ನಮ್ಮವರು ಹೆಣಗಳನ್ನ ಸರ್ಕಾರಿ ಕಚೇರಿಯ ಮುಂದೆ ತಂದು ಹಾಕಿದರು, ಇನ್ನು ಎತ್ತುವುದಿಲ್ಲ, ಭೂಮಿ ಕೊಡಿ ಅಂದರು. ನನಗೆ ತಿಳಿದ ಮಟ್ಟಿಗೆ ಬಿಡಬೇಕಾದದ್ದು ಹುಟ್ಟಿನಿಂದ ಹೊರಿಸಿದ ಬಿಟ್ಟಿ ಕೆಲಸವನ್ನ. ಮಾವನ ಕೈಯಲ್ಲಿರುವುದು ಅದಲ್ಲ. ಘಾನಾ ದೇಶದ ಕುಮಾಸಿಯಲ್ಲಿ ಸುವಾಮೆ ಮ್ಯಾಗಜೀನ್ ಅಂತ ಒಂದು ಜಾಗ ಇದೆ. ಹಳೇ ವಾಹನ ಬಿಚ್ಚಿ, ಕಟ್ಟಿ, ಪಾರ್ಟು ಮಾಡಿ ಸಾವಿರಾರು ಜನ ಬದುಕ್ತಾರೆ. ಅಲ್ಲಿ ಈ ಕೆಲಸ ಮಾಡುವವನಿಗೆ ಮೇಸ್ತ್ರಿ ಅಂತ ಮರ್ಯಾದೆ. ಆದರೂ ಒಂದು ಮಾತು ಒಪ್ಪಿಕೊಳ್ಳುತ್ತೇನೆ: ನನ್ನ ತಂಗಿಯ ಮಗ ಗುಜರಿಗೇ ಹೋಗಬೇಕು ಅಂದರೆ ನನಗೆ ಹೊಟ್ಟೆ ಉರಿಯುತ್ತೆ.

2021ರಲ್ಲಿ ಸರ್ಕಾರ ಹಳೇ ವಾಹನ ಒಡೆಯುವುದಕ್ಕೆ ನಿಯಮ ತಂತು. ನೋಂದಾಯಿತ ಕೇಂದ್ರಕ್ಕೆ ಕಾರು ಕೊಟ್ಟವರಿಗೆ ಒಂದು ಸರ್ಟಿಫಿಕೇಟು, ಅದರ ಮೇಲೆ ಹೊಸ ಕಾರಿನ ತೆರಿಗೆಯಲ್ಲಿ ಶೇಕಡ 25ರವರೆಗೆ ರಿಯಾಯಿತಿ. ಆಸಿಡ್ ನೆಲಕ್ಕೆ ಚೆಲ್ಲಬಾರದು ಅನ್ನುತ್ತೆ, ಒಳ್ಳೆಯದೇ. ಆದರೆ ಕಾರು ಬಿಟ್ಟವನಿಗೆ ರಿಯಾಯಿತಿ ಇದೆ, ಬಿಚ್ಚಿದವನಿಗೆ ಏನಿದೆ? ಕೇಂದ್ರ ಕಟ್ಟುವಷ್ಟು ಜಾಗ, ಯಂತ್ರ ನಮ್ಮಲ್ಲಿ ಯಾರಿಗಿದೆ? ನಾಳೆ ಅಲ್ಲಿ ಇದೇ ಮಾವ ದಿನಗೂಲಿಗೆ ನಿಲ್ಲಬೇಕಾಗುತ್ತೆ. ಐದಾರು ಮನೆಯವರು ಸೇರಿ ಒಂದು ಶೆಡ್ಡು ಹಾಕುವ, ತೂಕಕ್ಕೆ ಮಾರದೆ ಪಾರ್ಟಿನ ಬೆಲೆಗೆ ಮಾರುವ, ಸಂಘ ಮಾಡಿ ಸಾಲಕ್ಕೆ ಅರ್ಜಿ ಹಾಕುವ ಅಂತ ಮಾವನೇ ಹೇಳಿದ್ದಾರೆ. ಬರುವ ಭಾನುವಾರ ನಮ್ಮ ಮನೆಯ ಹತ್ತಿರ ಒಂದು ಓಮ್ನಿ ಬಿಚ್ಚುತ್ತಾರೆ. ಯಾವ ಪಾರ್ಟಿಗೆ ಎಷ್ಟು ಅಂತ ನಾನು ಪಕ್ಕದಲ್ಲಿ ಕೂತು ಬರೆದುಕೊಳ್ತೇನೆ. ಬರುವವರು ಹಳೇ ಬಟ್ಟೆ ಹಾಕಿಕೊಂಡು ಬನ್ನಿ.

ಇಲ್ಲಿ ಕರೆಂಟು ಹೋಗಿ ಅರ್ಧ ಗಂಟೆ ಆಯಿತು. ಈ ಮೈಕು ಓಡುತ್ತಿರುವುದು ಅದೇ ಓಮ್ನಿಯಿಂದ ತೆಗೆದ ಬ್ಯಾಟರಿಯಲ್ಲಿ. ನನ್ನ ನಂತರ ಇನ್ನಿಬ್ಬರು ಮಾತಾಡುವವರಿದ್ದಾರೆ, ಚಾರ್ಜು ಉಳಿಸಿ ಅಂತ ಮಾವ ಕೈ ತೋರಿಸ್ತಿದ್ದಾರೆ.