ಕಾಯಿಲ್ ಹೋಗಿದೆ ಅನ್ನುವ ಮೊದಲು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನನಗಿಂತ ಮೊದಲು ಡಾಕ್ಟರರು ಮಾತನಾಡಿದರು, ಅಧಿಕಾರಿಗಳು ಮಾತನಾಡಿದರು. ನಾನು ಗದಗ-ಬೆಟಗೇರಿಯಲ್ಲಿ ಹಳೆಯ ಫಟಫಟಿ ರಿಪೇರಿ ಮಾಡುವವನು. ಏನು ಹೇಳಲಿ ಎಂದು ಗುರುಗಳನ್ನು ಕೇಳಿದೆ. "ನಿನಗ ಗೊತ್ತಿದ್ದದ್ದನ್ನ ಹೇಳಪಾ" ಅಂದರು. ಹಾಗಾಗಿ ಇಗ್ನಿಷನ್ ಕಾಯಿಲ್ ಮತ್ತು ಅದರ ವೈರಿನ ಬಗ್ಗೆ ಹೇಳುತ್ತೇನೆ. ಇದು ಈ ಶಾಲೆಯಲ್ಲೇ ಕಲಿತ ವಿಜ್ಞಾನ.

ಜಾವಾ, ಯೆಜ್ಡಿ ಗಾಡಿಗಳು ನಮ್ಮ ರಾಜ್ಯದವೇ. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಇವನ್ನು ತಯಾರಿಸಿತು. 1973ರಿಂದ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು, ಗಾಡಿಗಳು ಮಾತ್ರ ಓಡುತ್ತಲೇ ಇವೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯಿಂದ ಈಗಲೂ ನನ್ನ ಗ್ಯಾರೇಜಿಗೆ ಬರುತ್ತವೆ. ಕೆಲವರಿಗೆ ಅದು ಅಪ್ಪನ ನೆನಪು, ಕೆಲವರಿಗೆ ಹೊಟ್ಟೆಪಾಡು.

ಈ ಹಳೆಯ ಗಾಡಿಗಳ ಬ್ಯಾಟರಿ 6 ವೋಲ್ಟಿನದು. ಪ್ಲಗ್ಗಿನಲ್ಲಿ ಕಿಡಿ ಹಾರಲು ಸಾವಿರಾರು ವೋಲ್ಟ್ ಬೇಕು. ಆ ಕೆಲಸ ಕಾಯಿಲಿನದು. ಅದರೊಳಗೆ ಕಬ್ಬಿಣದ ತಿರುಳಿನ ಮೇಲೆ ದಪ್ಪ ತಂತಿಯ ಕೆಲವು ನೂರು ಸುತ್ತು, ಕೂದಲೆಳೆಯಂಥ ತಂತಿಯ ಸಾವಿರಾರು ಸುತ್ತು ಇರುತ್ತವೆ. ಪಾಯಿಂಟ್ ಕೂಡಿದಾಗ ದಪ್ಪ ತಂತಿಯಲ್ಲಿ ಕರಂಟ್ ಹರಿದು ಕಾಂತಕ್ಷೇತ್ರ ಕಟ್ಟುತ್ತದೆ. ಪಾಯಿಂಟ್ ಬಿಟ್ಟ ಕ್ಷಣ ಅದು ಕುಸಿದು ತೆಳು ತಂತಿಯಲ್ಲಿ ಭಾರಿ ವೋಲ್ಟೇಜ್ ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆ ಇದೇ. ಕಂಡೆನ್ಸರ್ ಪಾಯಿಂಟ್ ಸುಡದಂತೆ ಕಾಯುತ್ತದೆ, ಕರಂಟ್ ತಟ್ಟನೆ ಕಡಿಯಲು ನೆರವಾಗುತ್ತದೆ.

ಮುಂಡರಗಿ ಕಡೆಯ ಒಬ್ಬ ಹಿರಿಯರು ದಿನಾ ನಸುಕಿನಲ್ಲಿ ಯೆಜ್ಡಿ ಮೇಲೆ ಹಾಲು ಒಯ್ಯುವವರು. ಗಾಡಿ ದಾರಿಯಲ್ಲಿ ನಿಂತರೆ ಹಾಲೂ ಕೆಟ್ಟಂತೆ, ಆ ದಿನದ ದುಡಿಮೆಯೂ ಹೋದಂತೆ. "ತಮ್ಮಾ, ಎರಡ ಸಲ ಕಾಯಿಲ್ ಬದಲಿ ಮಾಡಿಸೇನಿ. ಮತ್ತ ಅದ ರಾಗ, ಅದ ಹಾಡು. ಈ ಸಲ ಆಗಲಿಲ್ಲಂದ್ರ ಗುಜರಿಗೆ ಹಾಕ್ತೇನಿ" ಅಂದರು.

ನನ್ನ ಕೈಕೆಳಗೆ ಒಬ್ಬ ಹುಡುಗ ಇದ್ದ. ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತ, ವಿಜ್ಞಾನ ಎರಡರಲ್ಲೂ ನಪಾಸಾದವನು. ಗಾಡಿ ಹೊಡೆದು ಬಂದು, "ಕಾಕಾ, ಹ್ಯಾಂಡಲ್ ಬಲಕ್ಕ ತಿರುವಿದಾಗ ಅಷ್ಟ ಬಂದ್ ಆಗತೈತಿ" ಅಂದ. ಅಲ್ಲಿಗೆ ರೋಗ ಸಿಕ್ಕಿತು. ಈ ಗಾಡಿಯ ಚಾವಿ ಹೆಡ್‌ಲೈಟಿನ ಡೂಮಿನಲ್ಲಿರುತ್ತದೆ. ಬ್ಯಾಟರಿಯ ಕರಂಟ್ ಮೊದಲು ಅಲ್ಲಿಗೆ ಹೋಗಿ, ತಿರುಗಿ ಕಾಯಿಲಿಗೆ ಬರಬೇಕು. ಹ್ಯಾಂಡಲ್ ತಿರುಗಿದಾಗಲೆಲ್ಲ ಕುತ್ತಿಗೆಯ ಹತ್ತಿರ ವೈರ್ ಬಾಗುತ್ತದೆ. ವರ್ಷಾನುಗಟ್ಟಲೆ ಬಾಗಿ ಒಳಗಿನ ತಾಮ್ರದ ಎಳೆಗಳು ಮುರಿದಿದ್ದವು. ಮೇಲಿನ ಹೊದಿಕೆ ಗಟ್ಟಿಯಾಗಿಯೇ ಇತ್ತು.

ಹುಡುಗನನ್ನು ಕೂರಿಸಿಕೊಂಡು ನೆಲದ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬರೆಸಿದೆ. ಕಾಯಿಲಿನ ರೋಧ 1.5 ಓಮ್ ಎಂದು ಹಿಡಿಯಿರಿ. 6 ವೋಲ್ಟಿಗೆ 4 ಆಂಪಿಯರ್ ಹರಿಯುತ್ತದೆ. ಹಾಳಾದ ವೈರ್ ಬರೀ ಅರ್ಧ ಓಮ್ ಸೇರಿಸಿದರೂ ಅದು 3 ಆಂಪಿಯರಿಗೆ ಇಳಿಯುತ್ತದೆ. ಕಾಯಿಲಿನಲ್ಲಿ ಕೂಡುವ ಶಕ್ತಿ ಕರಂಟಿನ ವರ್ಗದ ಲೆಕ್ಕದಲ್ಲಿ ನಡೆಯುತ್ತದೆ. 16 ಇದ್ದದ್ದು 9 ಆಯಿತು. ಅಂದರೆ ಹೆಚ್ಚುಕಡಿಮೆ ಅರ್ಧ ಶಕ್ತಿ ಹೋಯಿತು. ಎಷ್ಟು ಹೊಸ ಕಾಯಿಲ್ ಹಾಕಿದರೇನು? ಓಮನ ನಿಯಮ ತಿಳಿಯಲಿಲ್ಲ ಅಂತ ಶಾಲೆ ಬಿಟ್ಟ ಹುಡುಗ ಅವತ್ತು ಅದನ್ನು ತಾನೇ ಬಿಡಿಸಿದ.

ಹಳೆಯ ಗಾಡಿ ಇಟ್ಟುಕೊಂಡವರು ಈ ಕ್ರಮ ನೆನಪಿಡಿ. ಮೊದಲು ಬ್ಯಾಟರಿ ನೋಡಿ. ಆಮೇಲೆ ಚಾವಿ ಹಾಕಿ, ಪಾಯಿಂಟ್ ಕೂಡಿದ ಸ್ಥಿತಿಯಲ್ಲಿ ಕಾಯಿಲಿನ 15ನೇ ನಂಬರಿನ ತುದಿಗೆ ಬರುವ ವೋಲ್ಟ್ ಅಳೆಯಿರಿ. ಪಾಯಿಂಟ್ ಬಿಟ್ಟಿದ್ದರೆ ಕರಂಟ್ ಹರಿಯುವುದಿಲ್ಲ, ಹಾಳಾದ ವೈರಿನಲ್ಲೂ ಮೀಟರ್ ಪೂರ್ತಿ 6 ವೋಲ್ಟ್ ತೋರಿಸುತ್ತದೆ. ಬ್ಯಾಟರಿಗಿಂತ ಅರ್ಧ ವೋಲ್ಟಿಗೂ ಹೆಚ್ಚು ಕಡಿಮೆ ಬಂದರೆ ವೈರ್, ಚಾವಿ, ಜೋಡಣೆ ಹುಡುಕಿ. ಚಾವಿ ಬಹಳ ಹೊತ್ತು ಹಾಗೇ ಬಿಡಬೇಡಿ, ಕಾಯಿಲ್ ಕಾಯುತ್ತದೆ. ಮುಂದೆ ಅರ್ಥಿಂಗ್, ಪಾಯಿಂಟಿನ ಮಸಿ ಮತ್ತು ಸುಮಾರು 0.4 ಮಿ.ಮೀ. ಸಂದು, ಕಂಡೆನ್ಸರ್, ಪ್ಲಗ್ಗಿನ ವೈರ್ ನೋಡಿ. ಕಾಯಿಲಿನ ಸರದಿ ಕೊನೆಗೆ. ಅದನ್ನೂ ತಣ್ಣಗಿದ್ದಾಗ ಒಮ್ಮೆ, ಬಿಸಿಯಾದಾಗ ಒಮ್ಮೆ ಅಳೆಯಿರಿ.

ಮುರಿದ ವೈರನ್ನು ತಿರುವಿ ಟೇಪ್ ಸುತ್ತಬೇಡಿ. ಅಷ್ಟೇ ದಪ್ಪದ ಹೊಸ ವೈರನ್ನು ಪೂರ್ತಿ ಉದ್ದಕ್ಕೆ ಎಳೆಯಿರಿ. ಕುತ್ತಿಗೆಯ ಹತ್ತಿರ ಸ್ವಲ್ಪ ಸಡಿಲ ಬಿಡಿ, ಬಾಗುವ ಜಾಗದಲ್ಲಿ ಬೆಸುಗೆ ಹಾಕಬೇಡಿ, ಅಲ್ಲೇ ಮುರಿಯುತ್ತದೆ. ಅರ್ಥ್ ಕೂಡುವಲ್ಲಿ ಬಣ್ಣ ಕೆರೆದು ಹೊಳೆಯುವ ಲೋಹ ಕಾಣಿಸಿ. ಆ ಹಿರಿಯರ ಗಾಡಿಗೆ ಖರ್ಚಾದದ್ದು ಎರಡು ಮೊಳ ವೈರ್ ಅಷ್ಟೆ. ಗಾಡಿ ಗುಜರಿಗೆ ಹೋಗಲಿಲ್ಲ. ಈಗಲೂ ಹಾಲು ಒಯ್ಯುತ್ತದೆ.

ಪಾಲಕರಿಗೂ ಗುರುಗಳಿಗೂ ಒಂದು ಮಾತು. ಪರೀಕ್ಷೆಯಲ್ಲಿ ಕಿಡಿ ಬರಲಿಲ್ಲ ಅಂದಕೂಡಲೆ ಹುಡುಗನ ತಲೆಯೇ ಸರಿ ಇಲ್ಲ ಅನ್ನಬೇಡಿ. ಪಾಠ ಅವನ ತನಕ ತಲುಪುವ ದಾರಿಯಲ್ಲಿ ಎಲ್ಲಿ ಕಡಿದಿದೆ ನೋಡಿ. ನನ್ನ ಹುಡುಗ ಮರುವರ್ಷ ಎರಡೂ ವಿಷಯ ಕಟ್ಟಿ ಪಾಸಾದ. ಈಗ ಐಟಿಐ ಓದುತ್ತಿದ್ದಾನೆ.

ಶಾಲೆಗೆ ದೊಡ್ಡ ದೇಣಿಗೆ ಕೊಡುವ ಶಕ್ತಿ ನನಗಿಲ್ಲ. ಒಂದು ಹಲಗೆಯ ಮೇಲೆ 6 ವೋಲ್ಟ್ ಬ್ಯಾಟರಿ, ಯೆಜ್ಡಿಯ ಕಾಯಿಲ್, ಪಾಯಿಂಟ್, ಕಂಡೆನ್ಸರ್, ಪ್ಲಗ್ ಕೂಡಿಸಿ ತಂದಿದ್ದೇನೆ. ಕೈಯಿಂದ ತಿರುವಿದರೆ ಕಿಡಿ ಹಾರುತ್ತದೆ. ವಿಜ್ಞಾನದ ಕೋಣೆಯಲ್ಲಿಡಿ. ಕಪಾಟಿನಲ್ಲಿಟ್ಟು ಬೀಗ ಮಾತ್ರ ಹಾಕಬೇಡಿ. ಗುರುಗಳು ಪಕ್ಕದಲ್ಲಿದ್ದು ಮಕ್ಕಳಿಂದಲೇ ತಿರುವಿಸಲಿ. ಕೆಟ್ಟರೆ ಹೇಳಿ ಕಳಿಸಿ, ನಾನೇ ಬಂದು ರಿಪೇರಿ ಮಾಡಿಕೊಡುತ್ತೇನೆ.