ಅಣು ಕಾರ್ಖಾನೆಯ ಕಡೆಯ ಲೆಕ್ಕ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಂದರ್ಭದಲ್ಲಿ ನಾಡುನುಡಿಗಳನ್ನು ಕುರಿತು ಮಾತನಾಡುವುದು ವಾಡಿಕೆ. ಅದಕ್ಕೆ ನಮಗಿಂತ ಬಲ್ಲವರು ಈ ವೇದಿಕೆಯ ಮೇಲೆಯೇ ಇದ್ದಾರೆ. ನಮ್ಮ ಪಾಲಿಗೆ ಬಂದಿರುವುದು ಅಣುಶಕ್ತಿಯ ವಿಷಯ. ಬ್ಯಾಂಕಿನ ಖಾತೆ ಪುಸ್ತಕಗಳ ನಡುವೆ ದಿನ ಕಳೆಯುವ ನಾವು ವಿಜ್ಞಾನಿಗಳಲ್ಲ. ಆದರೆ ಮುಂಬಯಿಯ ಕನ್ನಡಿಗರಿಗೆ ಈ ವಿಷಯ ತೀರ ದೂರದ್ದೂ ಅಲ್ಲ. ಟ್ರಾಂಬೆಯ ಅಣುಶಕ್ತಿ ಕೇಂದ್ರದಲ್ಲಿ ದುಡಿದವರು ನಮ್ಮ ನೆರೆಹೊರೆಯಲ್ಲಿದ್ದಾರೆ. ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣನವರು ಆ ಕೇಂದ್ರದ ನಿರ್ದೇಶಕರಾಗಿದ್ದರೆಂಬುದು ನಮಗೆಲ್ಲ ಹೆಮ್ಮೆಯ ಸಂಗತಿ. ಇಂಥ ಸ್ಥಾವರಗಳನ್ನು ಕಟ್ಟಿದ ಕಥೆಯನ್ನು ನಾವು ಬೇಕಾದಷ್ಟು ಕೇಳಿದ್ದೇವೆ. ಅವು ಮುದಿಯಾಗಿ ಬಾಗಿಲು ಮುಚ್ಚಿದ ಮೇಲೆ ಏನಾಗುತ್ತದೆ ಎಂಬ ಕಥೆಯನ್ನು ಕೇಳಿದವರು ಕಡಿಮೆ. ಅದನ್ನೇ, ಲೆಕ್ಕ ಬರೆಯುವವರ ಕಣ್ಣಿನಿಂದ ನೋಡಿ, ಇಂದು ತಮ್ಮ ಮುಂದಿಡಬೇಕೆಂದಿದ್ದೇವೆ.

ಕಥೆ ನಡೆದುದು ಅಮೆರಿಕದ ಟೆನೆಸ್ಸೀ ಪ್ರಾಂತದ ಓಕ್ ರಿಜ್ ಎಂಬಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಣುಬಾಂಬಿನ ಸಲುವಾಗಿ ಅಲ್ಲಿ ಕೆ-೨೫ ಎಂಬ ಯುರೇನಿಯಂ ಕಾರ್ಖಾನೆಯನ್ನು ಕಟ್ಟಿದರು. ಆ ಕಾರ್ಖಾನೆ ಮಾಡುತ್ತಿದ್ದ ಕೆಲಸವನ್ನು ಮೊದಲು ಎರಡು ಮಾತಿನಲ್ಲಿ ತಿಳಿಯೋಣ.

ಗಣಿಯಿಂದ ಬರುವ ಯುರೇನಿಯಮ್ಮಿನಲ್ಲಿ ಎರಡು ಬಗೆಯ ಪರಮಾಣುಗಳು ಬೆರೆತಿರುತ್ತವೆ. ಸಾವಿರಕ್ಕೆ ಸುಮಾರು ೭ ಮಾತ್ರ ೨೩೫ ಎಂಬ ಬಗೆಯವು. ಮಿಕ್ಕವು ಹೆಚ್ಚುಕಡಿಮೆ ಎಲ್ಲವೂ ೨೩೮. ಸುಲಭವಾಗಿ ಒಡೆದು ಶಕ್ತಿ ಕೊಡುವುದು ೨೩೫. ಅದರ ಪಾಲನ್ನು ಹೆಚ್ಚಿಸುವುದಕ್ಕೆ ಸಂವರ್ಧನೆ ಎಂದು ಹೆಸರು. ರಾಸಾಯನಿಕ ಗುಣದಲ್ಲಿ ಇವೆರಡೂ ಅವಳಿ ಮಕ್ಕಳು; ತೂಕದಲ್ಲಿ ಮಾತ್ರ ಎಳ್ಳಷ್ಟು ವ್ಯತ್ಯಾಸ. ಆದುದರಿಂದ ಯುರೇನಿಯಮ್ಮನ್ನು ಫ್ಲೋರಿನ್ನಿನೊಡನೆ ಕೂಡಿಸಿ ಅನಿಲವನ್ನಾಗಿ ಮಾಡಿ, ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳುಳ್ಳ ತೆರೆಗಳ ಮೂಲಕ ಹಾಯಿಸುತ್ತಿದ್ದರು. ಹಗುರವಾದ ೨೩೫ ತುಸು ಹೆಚ್ಚಾಗಿ ದಾಟುತ್ತದೆ. ಒಂದು ಸಲಕ್ಕೆ ದೊರೆಯುವ ಲಾಭ, ಶಾಸ್ತ್ರದ ಲೆಕ್ಕದಲ್ಲಿಯೂ, ಸಾವಿರಕ್ಕೆ ನಾಲ್ಕು ಚಿಲ್ಲರೆ ಮಾತ್ರ. ಆದರೆ ಚಕ್ರಬಡ್ಡಿಯ ಮಹಿಮೆಯನ್ನು ತಾವು ಬಲ್ಲಿರಿ. ಅದೇ ಅನಿಲವನ್ನು ಸುಮಾರು ೩೦೦೦ ಹಂತಗಳಲ್ಲಿ ಒಂದರ ಮೇಲೊಂದರಂತೆ ಹಾಯಿಸಿದಾಗ ಏಳಿದ್ದುದು ನೂರಾರಾಗಿ ಬೆಳೆಯುತ್ತದೆ.

ಮೂರು ಸಾವಿರ ಹಂತಗಳಿಗೆ ಎಷ್ಟು ದೊಡ್ಡ ಮನೆ ಬೇಕು! ೧೯೪೩ರಲ್ಲಿ ಆರಂಭಿಸಿ ೧೯೪೫ರಲ್ಲಿ ಮುಗಿಸಿದ ಆ ನಾಲ್ಕು ಅಂತಸ್ತಿನ ಕಟ್ಟಡ ಕುದುರೆ ಲಾಳದ ಆಕಾರದ್ದು. ಒಂದೊಂದು ತೋಳು ಅರ್ಧ ಮೈಲಿ ಉದ್ದ. ಅದು ಆಕ್ರಮಿಸಿದ್ದ ನೆಲ ಸುಮಾರು ೪೪ ಎಕರೆ. ಒಳಗೆ ಕೆಲಸಗಾರರು ಬೈಸಿಕಲ್ಲಿನ ಮೇಲೆ ಓಡಾಡುತ್ತಿದ್ದರು. ಖರ್ಚು ೫೦ ಕೋಟಿ ಡಾಲರಿಗೆ ಮಿಕ್ಕಿತ್ತು. ತಾವು ಮಾಡುತ್ತಿರುವ ಕೆಲಸ ಯಾವುದಕ್ಕೆ ಎಂಬುದು ಅಲ್ಲಿ ದುಡಿದವರಲ್ಲಿ ಬಹುಮಂದಿಗೆ ತಿಳಿದುದು ೧೯೪೫ರ ಆಗಸ್ಟ್ ೬ರಂದು, ಹಿರೋಶಿಮಾದ ಸುದ್ದಿ ಬಂದ ಮೇಲೆ.

ಯುದ್ಧ ಮುಗಿದರೂ ಕೆಲಸ ನಿಲ್ಲಲಿಲ್ಲ. ಪಕ್ಕದಲ್ಲಿ ಇನ್ನೂ ನಾಲ್ಕು ಭಾರಿ ಕಟ್ಟಡಗಳು ಎದ್ದವು. ೧೯೬೪ರಲ್ಲಿ ಹಳೆಯ ಕಟ್ಟಡದ ಯಂತ್ರಗಳು ನಿಂತವು. ೧೯೮೫ರ ಹೊತ್ತಿಗೆ ಮಿಕ್ಕವೂ ನಿಂತು, ೧೯೮೭ರಲ್ಲಿ ಕಾರ್ಖಾನೆಯನ್ನು ಶಾಶ್ವತವಾಗಿ ಮುಚ್ಚುವುದೆಂದು ತೀರ್ಮಾನವಾಯಿತು. ನಮ್ಮ ಊರುಗಳಲ್ಲಿ ಹತ್ತಿಯ ಗಿರಣಿ ಮುಚ್ಚಿದರೆ ಯಂತ್ರಗಳನ್ನು ಹರಾಜು ಹಾಕಿ, ಗೋಡೆ ಕೆಡವಿ, ನೆಲವನ್ನು ಮಾರಿ ಖಾತೆಯನ್ನು ಮುಗಿಸುತ್ತಾರೆ. ಇಲ್ಲಿ ಹಾಗೆ ಮಾಡುವಂತಿರಲಿಲ್ಲ.

ಏಕೆಂದರೆ ಅನಿಲ ಹೊರಟುಹೋದರೂ ಅದರ ಶೇಷ ಕೊಳವೆಗಳಲ್ಲಿ ಉಳಿದಿತ್ತು. ಆ ಅನಿಲಕ್ಕೆ ಗಾಳಿಯ ತೇವ ತಾಗಿದರೆ ಸಾಕು, ಒಂದು ಕಡೆ ಉಗ್ರವಾದ ಆಮ್ಲದ ಆವಿ, ಇನ್ನೊಂದು ಕಡೆ ಕೊಳವೆಯ ಒಳಮೈಗೆ ಅಂಟುವ ಯುರೇನಿಯಮ್ಮಿನ ಗಟ್ಟಿ ಪದರ. ಸಂವರ್ಧಿತ ಯುರೇನಿಯಂ ಒಂದೆಡೆ ಮಿತಿಮೀರಿ ಕೂಡಿಬಿದ್ದರೆ ತಾನಾಗಿಯೇ ಸರಣಿಕ್ರಿಯೆ ಆರಂಭವಾಗುವ ಅಪಾಯವುಂಟು. ಆದಕಾರಣ ಒಡೆಯುವುದಕ್ಕೆ ಮುಂಚೆ ಒಂದೊಂದು ಕೊಳವೆಯನ್ನೂ ಹೊರಗಿನಿಂದಲೇ ಉಪಕರಣಗಳಿಂದ ಪರೀಕ್ಷಿಸಿ, ಒಳಗೆ ಎಷ್ಟು ಉಳಿದಿದೆ ಎಂದು ಅಳೆದು ಬರೆದುಕೊಳ್ಳಬೇಕಾಯಿತು. ಹೆಚ್ಚು ಅಪಾಯದ ಭಾಗಗಳನ್ನು ಮೊದಲೇ ಕಳಚಿ ತೆಗೆದರು. ಉಳಿದ ಕೊಳವೆಗಳಲ್ಲಿ ಧೂಳು ಹಾರದಂತೆ ಒಳಗೆ ಉಬ್ಬಿ ಗಟ್ಟಿಯಾಗುವ ನೊರೆಯನ್ನು ತುಂಬಿದರು. ಇಷ್ಟರಲ್ಲಿ ಸೂರು ಸೋರಿ ಕಟ್ಟಡವೇ ಶಿಥಿಲವಾಗಿತ್ತು. ೨೦೦೬ರಲ್ಲಿ ಕೆಲಸಗಾರನೊಬ್ಬ ಕುಸಿದ ನೆಲದ ಮೂಲಕ ಕೆಳಗೆ ಬಿದ್ದು ಗಾಯಗೊಂಡ ಮೇಲೆ ಕೆಲಸದ ಕ್ರಮವನ್ನೇ ಬದಲಾಯಿಸಬೇಕಾಯಿತು.

೨೦೦೮ರ ಡಿಸೆಂಬರಿನಲ್ಲಿ ಪಶ್ಚಿಮದ ತೋಳನ್ನು ಕೆಡಹಲು ಆರಂಭಿಸಿದರು. ಕಡೆಯ ಗೋಡೆ ಉರುಳಿದುದು ೨೦೧೩ರ ಡಿಸೆಂಬರಿನಲ್ಲಿ. ಗಮನಿಸಬೇಕು: ಯುದ್ಧದ ಅವಸರದಲ್ಲಿ ಎರಡು ವರ್ಷಗಳಲ್ಲಿ ಕಟ್ಟಿದ್ದನ್ನು ಕೆಡಹುವುದಕ್ಕೇ ಐದು ವರ್ಷ, ಅದಕ್ಕೆ ಮುಂಚಿನ ಸಿದ್ಧತೆಯ ವರ್ಷಗಳು ಬೇರೆ. ಸಂವರ್ಧನೆಯ ಐದು ಕಟ್ಟಡಗಳಲ್ಲಿ ಕೊನೆಯದಾದ ಕೆ-೨೭ ೨೦೧೬ರಲ್ಲಿ ಹೋಯಿತು. ಆವರಣದ ಮಿಕ್ಕ ಕಟ್ಟಡಗಳ ಕೆಲಸ ೨೦೨೦ರಲ್ಲಿ, ಮಣ್ಣು ಅಗೆದು ಶುದ್ಧಿ ಮಾಡುವ ಮುಖ್ಯ ಕೆಲಸ ೨೦೨೪ರಲ್ಲಿ ಮುಗಿದವು.

ಕೆಡವಿದ್ದು ಎಲ್ಲಿಗೆ ಹೋಯಿತು? ಬಹುಭಾಗವನ್ನು ಅದಕ್ಕೆಂದೇ ಮಾಡಿದ ರಸ್ತೆಯಲ್ಲಿ ಸಾಗಿಸಿ, ಓಕ್ ರಿಜ್ಜಿನಲ್ಲಿಯೇ, ತಳಕ್ಕೆ ಪದರಗಳನ್ನು ಹಾಸಿ ಸಿದ್ಧಪಡಿಸಿದ ಹೊಂಡದಲ್ಲಿ ಹೂತರು. ಹೆಚ್ಚು ಅಪಾಯದ ಕೆಲವನ್ನು ದೂರದ ನೆವಾಡಾ ಮರುಭೂಮಿಗೆ ಕಳುಹಿಸಿದರು. ಅಂತೂ ವಿಷ ನಾಶವಾಗಲಿಲ್ಲ. ಜಾಗ ಬದಲಾಯಿಸಿ ಕಾವಲಿನಲ್ಲಿ ಕುಳಿತಿತು. ಕೆಲವಂತೂ ಕಾವಲಿಗೂ ಸಿಗುವುದಿಲ್ಲ. ಪೂರ್ವದ ತೋಳಿನ ಒಂದು ಭಾಗದಲ್ಲಿ ಟೆಕ್ನೀಷಿಯಂ-೯೯ ಎಂಬ ವಸ್ತು ಸೇರಿಕೊಂಡಿತ್ತು. ರಿಯಾಕ್ಟರಿನಲ್ಲಿ ಒಮ್ಮೆ ಉರಿದ ಯುರೇನಿಯಮ್ಮನ್ನು ಮತ್ತೆ ಇಲ್ಲಿ ಹಾಯಿಸಿದುದರ ಫಲ ಅದು. ಅದು ನೀರಿನೊಡನೆ ಸುಲಭವಾಗಿ ಹರಿಯುತ್ತದೆ. ಅದರ ಶಕ್ತಿ ಅರ್ಧಕ್ಕಿಳಿಯಲು ಎರಡು ಲಕ್ಷ ವರ್ಷಕ್ಕೂ ಹೆಚ್ಚು ಬೇಕು. ೨೦೧೪ರಲ್ಲಿ ಅದು ಊರಿನ ಕೊಳೆನೀರು ಶುದ್ಧಿಮಾಡುವ ಕೇಂದ್ರದಲ್ಲಿಯೂ ಕಾಣಿಸಿಕೊಂಡಿತು. ಎಷ್ಟು ಎಚ್ಚರದಿಂದ ಕೆಡವಿದರೂ ನೀರು ತನ್ನ ದಾರಿಯನ್ನು ಹುಡುಕಿಕೊಳ್ಳುತ್ತದೆ.

ಈಗ ಲೆಕ್ಕದ ಮಾತಿಗೆ ಬರುತ್ತೇವೆ. ವಾಣಿಜ್ಯ ಶಾಸ್ತ್ರದ ಮೊದಲ ವರ್ಷದಲ್ಲಿಯೇ ನಮಗೆ ಕಲಿಸುವ ಪಾಠವೊಂದುಂಟು: ಯಂತ್ರ ಓಡುತ್ತಿರುವಾಗಲೇ ಸವಕಳಿಗೆಂದು ಪ್ರತಿವರ್ಷ ಹಣವನ್ನು ತೆಗೆದಿಡಬೇಕು. ತೆಗೆದಿಡದೆ ತೋರಿಸಿದ ಲಾಭ ಲಾಭವಲ್ಲ, ಮಕ್ಕಳ ಹೆಸರಿನಲ್ಲಿ ಮಾಡಿದ ಸಾಲ. ಅಮೆರಿಕದ ಸಂವರ್ಧನ ಕಾರ್ಖಾನೆಗಳ ಶುದ್ಧಿಗೆಂದು ಪ್ರತ್ಯೇಕ ನಿಧಿ ಸ್ಥಾಪನೆಯಾದುದು ೧೯೯೨ರ ಕಾನೂನಿನಿಂದ. ಎಂದರೆ ಕೆ-೨೫ ಕೆಲಸ ಆರಂಭಿಸಿ ೪೭ ವರ್ಷಗಳಾದ ಮೇಲೆ, ಬಾಗಿಲು ಮುಚ್ಚಿ ಐದು ವರ್ಷಗಳಾದ ಮೇಲೆ! ಸರಕಾರವೂ ವಿದ್ಯುತ್ ಕಂಪನಿಗಳೂ ಅದಕ್ಕೆ ಹಣ ತುಂಬಿದುವು. ಆ ಕಂಪನಿಗಳ ಹಣ ಬರುವುದು ದೀಪ ಹಚ್ಚುವ ಗೃಹಸ್ಥರಿಂದಲೇ ಎಂದು ಬೇರೆ ಹೇಳಬೇಕಾಗಿಲ್ಲ. ಅಜ್ಜನ ಕಾಲದ ಸಾಲವನ್ನು ಮೊಮ್ಮಗ ತೀರಿಸಿದಂತಾಯಿತು.

ಆದರೆ ಹಣದಲ್ಲಿ ಬರೆಯಲಾಗದ ಬಾಬುಗಳೂ ಈ ಖಾತೆಯಲ್ಲಿವೆ. ಮೊದಲನೆಯದು ಕೆಲಸಗಾರರದು. ಅವರ ಪೈಕಿ ಕ್ಯಾನ್ಸರಿಗೆ ತುತ್ತಾದವರಿಗೆ ಪರಿಹಾರ ಕೊಡುವ ಕಾನೂನು ಬಂದುದು ೨೦೦೦ದಲ್ಲಿ. ಗೊತ್ತುಪಡಿಸಿದ ಕ್ಯಾನ್ಸರುಗಳು ಬಂದವರಿಗೆ, ಅವರು ತೀರಿಕೊಂಡಿದ್ದರೆ ವಾರಸುದಾರರಿಗೆ, ೧,೫೦,೦೦೦ ಡಾಲರುಗಳು. ಯುದ್ಧಕಾಲದಲ್ಲಿ ಅಲ್ಲಿ ದುಡಿದವರಿಗೆ ಆ ಕಾನೂನು ಬರುವ ವೇಳೆಗೆ ಐವತ್ತೈದು ವರ್ಷಗಳು ಕಳೆದಿದ್ದುವು.

ಎರಡನೆಯದು ಇನ್ನೂ ಹಳೆಯ ಬಾಬು. ಅದನ್ನು ನೆನೆದಾಗ ಊರು ಬಿಟ್ಟು ಬಂದ ನಮ್ಮಂಥವರ ಮನಸ್ಸು ಕಲಕದೆ ಇರದು. ಓಕ್ ರಿಜ್ ಬರಿಯ ಕಾಡಾಗಿರಲಿಲ್ಲ. ೧೯೪೨ರಲ್ಲಿ ಸರಕಾರ ವಶಪಡಿಸಿಕೊಂಡ ಸುಮಾರು ೫೯,೦೦೦ ಎಕರೆಗಳಲ್ಲಿ ಹಳ್ಳಿಗಳಿದ್ದುವು, ಹೊಲಮನೆಗಳಿದ್ದುವು, ಹಿರಿಯರ ಗೋರಿಗಳಿದ್ದುವು. ಸುಮಾರು ೩೦೦೦ ಜನ ಮನೆ ಬಿಟ್ಟು ಹೊರಟರು. ಕೆಲವರಿಗೆ ದೊರೆತ ಅವಧಿ ಕೆಲವೇ ವಾರಗಳು. ಅವರಲ್ಲಿ ಕೆಲವರು ಮುಂಚೆಯೇ ಒಮ್ಮೆ ಅಣೆಕಟ್ಟಿಗಾಗಿ ನೆಲ ಬಿಟ್ಟು ಬಂದವರು. ನಾವು ಸಂಬಳದ ಆಸೆಯಿಂದ ನಮ್ಮ ಇಚ್ಛೆಯಿಂದಲೇ ಬಂದೆವು. ಬೇಸಗೆಯ ರಜೆಗೆ ಹಿಂದಿರುಗಲು ನಮಗೊಂದು ಊರಿದೆ. ಅವರಿಗೆ ಅದೂ ಉಳಿಯಲಿಲ್ಲ. ಕಾಳಿ, ಶರಾವತಿ, ಕೃಷ್ಣಾ ನದಿಗಳ ಅಣೆಕಟ್ಟುಗಳಿಗೆ ಮನೆಮಠ ಕೊಟ್ಟು ಬಂದವರು ನಮ್ಮವರಲ್ಲಿಯೂ ಇದ್ದಾರೆ. ಈ ಮಾತಿನ ಭಾರ ಅವರಿಗೆ ನಮಗಿಂತ ಚೆನ್ನಾಗಿ ತಿಳಿದೀತು.

ಕಾರ್ಖಾನೆಯ ಬಳಿಯಲ್ಲಿ ವೀಟ್ ಎಂಬ ಹಳ್ಳಿಯಿತ್ತು. ಅದರಲ್ಲಿ ಇಂದು ನಿಂತಿರುವುದು ಒಂದು ಚಿಕ್ಕ ಚರ್ಚು ಮಾತ್ರ. ಆ ಹಳ್ಳಿಯವರ ಮಕ್ಕಳು ಮೊಮ್ಮಕ್ಕಳು ವರ್ಷಕ್ಕೊಮ್ಮೆ ಅಲ್ಲಿ ಕೂಡುವ ಪದ್ಧತಿಯನ್ನು ಬೆಳೆಸಿಕೊಂಡು ಬಂದರು. ಇಡೀ ಜಗತ್ತೇ ಬೆರಗಾಗಿ ನೋಡಿದ ೪೪ ಎಕರೆಯ ಕಟ್ಟಡ ಬಂದಿತು, ಹೋಯಿತು. ಊರು ಕಳೆದುಕೊಂಡವರ ಚರ್ಚು ನಿಂತಿದೆ.

ಇದನ್ನು ಕೇಳಿ ಅಣುಶಕ್ತಿಯೇ ಬೇಡವೆಂದು ನಾವು ಹೇಳುತ್ತಿದ್ದೇವೆಂದು ಯಾರೂ ತಿಳಿಯಬಾರದು. ನಮ್ಮ ಕೈಗಾದ ರಿಯಾಕ್ಟರುಗಳು ನೈಸರ್ಗಿಕ ಯುರೇನಿಯಮ್ಮನ್ನೇ ಬಳಸತಕ್ಕವು. ಅವಕ್ಕೆ ಸಂವರ್ಧನೆ ಬೇಕಿಲ್ಲ. ಆದರೆ ಮೈಸೂರಿನ ಸಮೀಪದ ರತ್ನಹಳ್ಳಿಯಲ್ಲಿ ಬೇರೆ ವಿಧಾನದ, ರಭಸದಿಂದ ತಿರುಗುವ ಯಂತ್ರಗಳ ಸಂವರ್ಧನ ಸ್ಥಾವರವುಂಟು. ಎರಡಕ್ಕೂ ಒಂದು ದಿನ ವಯಸ್ಸಾಗುತ್ತದೆ. ನಮ್ಮ ದೇಶದಲ್ಲಿ ಅಣುವಿದ್ಯುತ್ತಿನ ಪ್ರತಿ ಯೂನಿಟ್ಟಿನ ಮೇಲೆ ೨ ಪೈಸೆಯನ್ನು ಮುಂದೆ ಸ್ಥಾವರಗಳನ್ನು ಕಳಚುವ ವೆಚ್ಚಕ್ಕೆಂದು ಎತ್ತಿಡುವ ಕ್ರಮವನ್ನು ತಂದಿದ್ದಾರೆ. ಮೊದಲೇ ತೆಗೆದಿಡಬೇಕೆಂಬ ಈ ಬುದ್ಧಿ ಮೆಚ್ಚತಕ್ಕದ್ದೇ. ಆ ೨ ಪೈಸೆ ಸಾಕೇ ಎಂದು ಆಗಾಗ ಕೇಳುವುದು ಮಾತ್ರ ಪ್ರಜೆಗಳಾದ ನಮ್ಮ ಕರ್ತವ್ಯ. ಓಕ್ ರಿಜ್ಜಿನಲ್ಲಿಯೇ ಹೊಸದೊಂದು ಸಂವರ್ಧನ ಸ್ಥಾವರವನ್ನು ಕಟ್ಟುವ ಯೋಜನೆಯನ್ನು ಫ್ರಾನ್ಸಿನ ಸಂಸ್ಥೆಯೊಂದು ೨೦೨೪ರಲ್ಲಿ ಪ್ರಕಟಿಸಿತು. ಈ ಸಲವಾದರೂ ಕೆಡಹುವ ಲೆಕ್ಕವನ್ನು ಕಟ್ಟುವ ದಿನವೇ ಬರೆದಾರೆಂದು ಆಶಿಸೋಣ.

ಇಲ್ಲಿರುವ ಮಕ್ಕಳಲ್ಲಿ ಕೆಲವರು ನಾಳೆ ಎಂಜಿನಿಯರುಗಳಾಗುವರು. ಅವರಿಗೆ ನಮ್ಮದೊಂದೇ ಮಾತು. ಕಟ್ಟುವವನಿಗೆ ಹಾರ ಹಾಕುವವರು ಬಹಳ. ಮುಖವಾಡ ತೊಟ್ಟು, ಒಂದೊಂದೇ ಕೊಳವೆಯನ್ನು ಅಳೆದು, ಹಿಂದಿನವರ ಕೊಳೆಯನ್ನು ತೆಗೆಯುವವನ ಹೆಸರನ್ನು ಕೇಳುವವರಿಲ್ಲ. ಆ ಕೆಲಸವೂ ವಿದ್ಯೆಯೇ, ಅದೂ ದೇಶಸೇವೆಯೇ ಎಂಬುದನ್ನು ಮರೆಯದಿರಿ.