ಕೊಕೇನ್ ವ್ಯಸನ: ಬಿಡುವಿನ ದಿನಗಳ ಭ್ರಾಂತಿ



ನಮಗೆ ಬರುತ್ತಿರುವ ಪತ್ರಗಳಲ್ಲಿ, ವಿಶೇಷವಾಗಿ ತಂದೆತಾಯಂದಿರು ಬರೆದವುಗಳಲ್ಲಿ, ಒಂದೇ ಪ್ರಶ್ನೆ ನಾನಾ ವೇಷಗಳಲ್ಲಿ ಮರಳಿ ಮರಳಿ ಕಾಣಿಸಿಕೊಳ್ಳುತ್ತಿದೆ: ಎರಡು ವಾರ ಕೊಕೇನನ್ನು ಮುಟ್ಟದೆ, ಕೈ ನಡುಗದೆ, ವಾಂತಿಯಾಗದೆ, ಕೆಲಸಕ್ಕೂ ತಪ್ಪದೆ ಹೋಗಿಬರುತ್ತಿರುವ ಮಗನನ್ನು ವ್ಯಸನಿಯೆನ್ನುವುದು ಅನ್ಯಾಯವಲ್ಲವೆ? ಅಲ್ಲ. ಮದ್ಯವನ್ನು ಬಿಟ್ಟವನಲ್ಲಿ ತೋರುವ ನಡುಕವನ್ನು ಕೊಕೇನನ್ನು ಬಿಟ್ಟವನಲ್ಲಿ ಅರಸುವುದರಿಂದಲೇ ಈ ಭ್ರಾಂತಿ ಹುಟ್ಟುತ್ತದೆ. ದೊಡ್ಡವರೂ ಇದಕ್ಕೆ ಬಲಿಯಾದುದುಂಟು. 1884ರಲ್ಲಿ ಸಿಗ್ಮಂಡ್ ಫ್ರಾಯ್ಡನು ಕೋಕಾವನ್ನು ಕುರಿತು ಪ್ರಬಂಧ ಬರೆದು, ಪುನಃ ಪುನಃ ಸೇವಿಸಿದರೂ ಅದು ಹಂಬಲವನ್ನುಂಟುಮಾಡದೆಂದು ಸಾರಿದನು. ಮಾರ್ಫೀನಿನಿಂದ ಬಿಡಿಸಲೆಂದು ಅವನು ಕೊಕೇನನ್ನು ಸೂಚಿಸಿದ ಗೆಳೆಯ ಫ್ಲೈಶ್ಲನು ಕಡೆಗೆ ಕೊಕೇನಿಗೂ ದಾಸನಾದನು.

ಆಗುವುದೇನೆಂದರೆ, ಉಂಡಾಗ, ನಕ್ಕಾಗ, ಬಯಸಿದ್ದು ದೊರೆತಾಗ ಮಿದುಳಿನ ಒಂದು ನರಕೋಶದಿಂದ ಡೋಪಮಿನ್ ಎಂಬ ದ್ರವ್ಯ ಹೊರಬಿದ್ದು, ನೆರೆಯ ಕೋಶವನ್ನು ಪ್ರಚೋದಿಸಿ, ಕ್ಷಣಮಾತ್ರದಲ್ಲಿ ತಾನು ಹೊರಟ ಕೋಶಕ್ಕೇ ಹಿಂದಿರುಗುತ್ತದೆ. ಈ ಹಿಂದಿರುಗುವ ದಾರಿಯನ್ನು, ತುಂಬಿದ ಕೆರೆಯ ತೂಬನ್ನು ಮುಚ್ಚಿದಂತೆ, ಕೊಕೇನು ಮುಚ್ಚಿಬಿಡುತ್ತದೆ; ಡೋಪಮಿನ್ ಅಲ್ಲೇ ತುಂಬಿ ಉಬ್ಬರವೇಳುತ್ತದೆ. ಮೂಗಿನಿಂದ ಸೇದಿದವನಿಗೆ ಆ ಉಬ್ಬರ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆದುದರಿಂದಲೇ ಒಂದೇ ಇರುಳಿನಲ್ಲಿ, ಪುಡಿಯೋ ಹಣವೋ ತೀರುವವರೆಗೆ, ಮತ್ತೆ ಮತ್ತೆ ಸೇದುತ್ತಾನೆ. ಹೀಗೆಯೇ ನಡೆದರೆ ಮಿದುಳು ಡೋಪಮಿನ್ನಿಗೆ ಓಗೊಡುವ ಗ್ರಾಹಕಗಳನ್ನೇ ಕಡಿಮೆ ಮಾಡಿಕೊಳ್ಳುತ್ತದೆ. ಸರಳವಾಗಿ ಇನ್ನೊಮ್ಮೆ ಹೇಳುತ್ತೇನೆ: ಕೊಕೇನು ಹೊಸ ಸುಖವನ್ನೇನೂ ತರುವುದಿಲ್ಲ, ಇದ್ದ ಸುಖವನ್ನೇ ಒಮ್ಮೆಗೆ ಉಕ್ಕಿಸಿ, ಆಮೇಲೆ ಊಟವನ್ನೂ ಸಂಗೀತವನ್ನೂ ಮಗುವಿನ ಮಾತನ್ನೂ ಸಪ್ಪೆಯಾಗಿಸುತ್ತದೆ.

ಅಮಲಿಳಿದ ಮೇಲೆ ಕೆಲವು ದಿನ ಗಾಢನಿದ್ರೆ, ವಿಪರೀತ ಹಸಿವು, ಮಂಕುತನ. ನನ್ನಲ್ಲಿಗೆ ಬಂದ ಹಿರಿಯರೊಬ್ಬರು, “ಡಾಕ್ಟರೇ, ಹುಡುಗ ಈಗ ಹೊಟ್ಟೆತುಂಬ ಉಣ್ಣುತ್ತಾನೆ, ಕಣ್ತುಂಬ ನಿದ್ದೆ ಮಾಡುತ್ತಾನೆ, ಒಂದು ಮದುವೆ ಮಾಡಿಬಿಟ್ಟರೆ ಎಲ್ಲಾ ಸರಿಹೋಗುತ್ತೆ” ಎಂದರು. ಮದುವೆಯನ್ನು ಔಷಧವೆಂದು ಬಗೆಯುವ ಈ ನಮ್ಮ ಪದ್ಧತಿಯನ್ನು ಕೇಳಿ ಕೇಳಿ ನನ್ನ ತಾಳ್ಮೆ ತೀರಿದೆ. ಅದರ ಬೆಲೆ ತೆರುವವಳು ಇನ್ನಾರದೋ ಮಗಳು. ಆ ನಿದ್ರೆ ಆರೋಗ್ಯವಲ್ಲ, ಇಳಿತ. ಸಾಯುವ ಆಲೋಚನೆಗಳು ಸುಳಿಯಬಹುದಾದ ಕಾಲವೂ ಅದೇ. ಆಗ ಅವನನ್ನು ಒಂಟಿಯಾಗಿ ಬಿಡಬಾರದು. ಬಳಿಕ ಬರುವ ನೆಮ್ಮದಿಯ ವಾರಗಳಲ್ಲಿ ಹಂಬಲ ಸತ್ತಿರುವುದಿಲ್ಲ. ಸಂಬಳ ಕೈಗೆ ಬಂದ ದಿನ, ಹಳೆಯ ಗೆಳೆಯನ ಫೋನು, ಅದೇ ಬಾರಿನ ಬಾಗಿಲು, ಇವುಗಳಲ್ಲಿ ಒಂದು ಸಾಕು, ಅದು ಪೂರ್ಣಬಲದಿಂದ ಎದ್ದು ನಿಲ್ಲುತ್ತದೆ. ಬಿಡುವಿನ ದಿನಗಳನ್ನು ಎಣಿಸಬೇಡಿ. ಬಿಡುವು ಮುರಿದಾಗ ತನ್ನನ್ನು ತಾನು ತಡೆಯಬಲ್ಲನೇ ಎಂಬುದನ್ನು ನೋಡಿ.

ಇರುಳೆಲ್ಲ ಎಚ್ಚರ, ಅಗಲವಾದ ಕಣ್ಣಪಾಪೆ, ಪದೇ ಪದೇ ಮೂಗಿನಲ್ಲಿ ರಕ್ತ, ಅಕಾರಣ ಶಂಕೆ, ಲೆಕ್ಕಕ್ಕೆ ಸಿಗದ ಹಣ, ಇವು ಒಟ್ಟಿಗೆ ಕಂಡರೆ ಗದರಿಸದೆ ಕೇಳಿ. ಮೂರೇ ದಿನಗಳಲ್ಲಿ ಚಟ ಬಿಡಿಸುವ ಪುಡಿಗಳ ಜಾಹೀರಾತನ್ನು ನಂಬಬೇಡಿ. ಕೊಕೇನಿನ ಹಂಬಲಕ್ಕೆಂದು ಅಂಗೀಕೃತವಾದ ಔಷಧ ಇಂದಿಗೂ ಇಲ್ಲ. ಹಂಬಲದ ಸಂದರ್ಭಗಳನ್ನು ಗುರುತಿಸಿ ಎದುರಿಸಲು ಕಲಿಸುವ, ತಿಂಗಳುಗಟ್ಟಲೆ ನಡೆಯುವ ಮನೋಚಿಕಿತ್ಸೆಯೇ ಮುಖ್ಯ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ದೂರದಲ್ಲಿರುವವರು 14446ಕ್ಕೆ ಕರೆ ಮಾಡಬಹುದು. ಪೊಲೀಸರ ಭಯದಿಂದ ಬಾಯಿಮುಚ್ಚಿ ಕುಳಿತವರಿಗೆ ಒಂದು ಮಾತು: 1985ರ ಮಾದಕವಸ್ತು ಕಾಯಿದೆಯ 64ಎ ಕಲಮು, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪಕ್ಕೆ ಒಳಗಾದ ವ್ಯಸನಿ ಸ್ವಇಚ್ಛೆಯಿಂದ ಸರಕಾರದ ಅಥವಾ ಅದು ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ, ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ.

ಕೊಕೇನಿನೊಡನೆ ಮದ್ಯ ಸೇರಿದರೆ ಯಕೃತ್ತಿನಲ್ಲಿ ಕೋಕಾಎಥಿಲಿನ್ ಎಂಬ, ದೇಹದಲ್ಲಿ ಇನ್ನೂ ಹೆಚ್ಚು ಹೊತ್ತು ನಿಲ್ಲುವ, ಹೃದಯಕ್ಕೆ ಕೇಡಾದ ವಸ್ತು ಹುಟ್ಟುತ್ತದೆ. ಎದೆನೋವೆಂದು ಕೊಕೇನು ಸೇವಿಸಿದವನು ಹೇಳಿದರೆ ವಯಸ್ಸು ಇಪ್ಪತ್ತೈದೇ ಎಂದು ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಅಲ್ಲಿನ ವೈದ್ಯರಿಗೆ ಅವನು ಏನು ಸೇವಿಸಿದ್ದಾನೆಂಬುದನ್ನು ಮುಚ್ಚಿಡದೆ ಹೇಳಿರಿ, ಏಕೆಂದರೆ ಹೃದಯಾಘಾತಕ್ಕೆ ಸಾಮಾನ್ಯವಾಗಿ ಕೊಡುವ ಕೆಲವು ಮದ್ದುಗಳನ್ನು ಆಗ ಅವರು ಬಹಳ ಯೋಚಿಸಿ ಕೊಡಬೇಕಾಗುತ್ತದೆ.